ತೂಕ ಇಳಿಸುವ ಡಬ್ಬಿ ಮತ್ತು ನನ್ನ ತಂಗಿಯ ಸ್ಟೀರಿಂಗ್

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ತಮ್ಮ ಕಚೇರಿಗೆ ಬಿಡುವು ಕಡಿಮೆ ಎಂಬುದನ್ನು ಅಲ್ಲಿನ ಬೆಂಚಿನ ಮೇಲೆ ಕುಳಿತೇ ಅರಿತಿದ್ದೇನೆ. ಆದ್ದರಿಂದ ಸಂಗತಿಗಳನ್ನು ಮೊದಲೇ ಕ್ರಮವಾಗಿ ಇಡುತ್ತೇನೆ.

೧. ನನ್ನ ತಂಗಿ ನಗರ ಸಾರಿಗೆ ಬಸ್ಸಿನ ಚಾಲಕಿ.

೨. ಮಂಡಿನೋವು ಮತ್ತು ರಕ್ತದೊತ್ತಡದ ಕಾರಣ ವೈದ್ಯರು ಅವಳಿಗೆ ತೂಕ ಇಳಿಸುವ ಚುಚ್ಚುಮದ್ದನ್ನು ವಾರಕ್ಕೊಂದರಂತೆ ಬರೆದುಕೊಟ್ಟರು.

೩. ಅದರ ಜೊತೆಗೆ ಅವಳು ಔಷಧಿ ಅಂಗಡಿಯಲ್ಲೇ ಸಿಗುವ ಒಂದು ‘ಆಹಾರ ಪೂರಕ’ದ ಕ್ಯಾಪ್ಸೂಲನ್ನೂ ನುಂಗತೊಡಗಿದಳು. ಡಬ್ಬಿಯ ಮೇಲೆ ‘ಅಪ್ಪಟ ಸಸ್ಯಮೂಲ. ಇದು ಔಷಧಿಯಲ್ಲ’ ಎಂದಿದೆ.

೪. ಕಳೆದ ತಿಂಗಳು, ತುಂಬಿದ ಬಸ್ಸು ಓಡಿಸುತ್ತಿದ್ದಾಗ ಅವಳಿಗೆ ಕಣ್ಣು ಕತ್ತಲಿಟ್ಟಿತು. ಬಸ್ಸನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆನಂತರ ಪ್ರಜ್ಞೆ ತಪ್ಪಿದಳು.

೫. ನಾವು ಖಾಸಗಿಯಾಗಿ ಮಾಡಿಸಿದ ಪರೀಕ್ಷೆಯಲ್ಲಿ, ಆ ಕ್ಯಾಪ್ಸೂಲಿನಲ್ಲಿ ಮೂತ್ರ ಹೆಚ್ಚಿಸುವ ಒಂದು ಔಷಧಿ ಬೆರೆತಿರುವುದು ಕಂಡುಬಂತು. ಡಬ್ಬಿಯ ಮೇಲೆ ಅದರ ಹೆಸರಿಲ್ಲ.

೬. ತಮ್ಮ ಕಚೇರಿ ಆ ಡಬ್ಬಿಯನ್ನು ಮುಟ್ಟಲು ಒಪ್ಪುತ್ತಿಲ್ಲ.

ಚುಚ್ಚುಮದ್ದಿನ ಮೇಲೆ ನನ್ನ ದೂರಿಲ್ಲ. ವೈದ್ಯರು ಅದನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ, ದೇಹ ಒಗ್ಗಿದಂತೆ ನಿಧಾನವಾಗಿ ಏರಿಸಿದರು. ಹಸಿವು ಕುಗ್ಗುತ್ತದೆ, ಆದರೂ ಊಟ ಬಿಡಬಾರದು. ವಾಕರಿಕೆ ಬರಬಹುದು, ಆಗಾಗ ನೀರು ಕುಡಿಯಬೇಕು. ವಾಂತಿ ನಿಲ್ಲದಿದ್ದರೆ ಫೋನ್ ಮಾಡಬೇಕು ಎಂದೆಲ್ಲ ಬಿಡಿಸಿ ಹೇಳಿದರು. ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದೂ ಪ್ರತಿ ಭೇಟಿಯಲ್ಲೂ ಕೇಳಿದರು. ಇಲ್ಲವೆಂದಳು ನನ್ನ ತಂಗಿ. ಆಸ್ಪತ್ರೆಯ ಮಂಚದ ಪಕ್ಕ ನಿಂತು ನಾನು ಅದೇ ಮಾತು ಎತ್ತಿದಾಗ ಅವಳು ಕೊಟ್ಟ ಉತ್ತರವನ್ನು ತಾವು ಗಮನಿಸಬೇಕು.

“ಅಣ್ಣಾ, ಅವ್ರು ಕೇಳಿದ್ದು ಔಷಧಿ ತಗೋತೀರಾ ಅಂತ. ಡಬ್ಬಿ ಮೇಲೇ ಬರ್ದಿದ್ಯಲ್ಲ, ಔಷಧಿಯಲ್ಲ ಅಂತ. ನಾನು ಸುಳ್ಳೆಲ್ಲಿ ಹೇಳ್ದೆ?”

ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದನಂತೆ. “ಬರೀ ಸೊಪ್ಪು, ಬೇರು ಮೇಡಂ. ಇಂಜೆಕ್ಷನ್ ಜೊತೆ ತಗೊಂಡ್ರೆ ಇನ್ನೂ ಬೇಗ ಇಳೀತೀರಿ.” ಡಿಪೋದ ವಾರ್ಷಿಕ ವೈದ್ಯಕೀಯ ತಪಾಸಣೆ ಹತ್ತಿರವಿತ್ತು. ಅವಳಿಗೆ ಬೇಗ ಇಳಿಯಬೇಕಿತ್ತು.

ಈಗ ಅವಳ ಕೆಲಸದ ಒಂದು ರಹಸ್ಯವನ್ನು ಹೇಳಬೇಕಾಗಿದೆ. ಅವಳು ಓಡಿಸುವ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಆದ್ದರಿಂದ ಚಾಲಕಿಯರು ಬಸ್ಸು ಹತ್ತಿದ ಮೇಲೆ ನೀರು ಮುಟ್ಟುವುದಿಲ್ಲ. ಹೊಸದಾಗಿ ಸೇರಿದವಳಿಗೆ ಗೇರ್ ಹಾಕುವುದಕ್ಕಿಂತ ಮೊದಲು ಕಲಿಸುವ ಪಾಠ ಇದು. ಚುಚ್ಚುಮದ್ದಿನಿಂದ ಊಟ ಕಡಿಮೆಯಾಗಿತ್ತು. ಕ್ಯಾಪ್ಸೂಲು ದೇಹದ ನೀರನ್ನು ಹೊರಹಾಕುತ್ತಿತ್ತು. ಮೂತ್ರಕ್ಕೆ ಹೋಗಬೇಕೆನ್ನಿಸಿದಷ್ಟೂ ಅವಳು ಕುಡಿಯುವುದನ್ನು ಇನ್ನಷ್ಟು ಕಡಿತ ಮಾಡಿದಳು. ಅವಳ ಮಟ್ಟಿಗೆ ಅದು ಜಾಣತನ. ದೇಹದ ಲವಣಾಂಶ ಕುಸಿದು, ಹೃದಯದ ಬಡಿತ ತಾಳ ತಪ್ಪುವವರೆಗೂ ತೂಕ ಮಾತ್ರ ಚೆನ್ನಾಗಿಯೇ ಇಳಿಯುತ್ತಿತ್ತು. ತೂಕದ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆ ಹಾಕುವುದು ನನ್ನ ವೃತ್ತಿ. ಎಷ್ಟು ಇಳಿಯಿತು ಎಂಬುದನ್ನು ಯಂತ್ರ ತೋರಿಸುತ್ತದೆ. ಇಳಿದದ್ದು ಕೊಬ್ಬೋ ನೀರೋ ಎಂಬುದನ್ನು ತೋರಿಸುವ ಯಂತ್ರ ನನ್ನ ಕೈಗೆ ಇನ್ನೂ ಬಂದಿಲ್ಲ.

ಓಡಿ ಬರುವವರಿಗಾಗಿ ಪ್ರತಿ ನಿಲ್ದಾಣದಲ್ಲೂ ಕಾಯುತ್ತಾಳೆಂದು ಡಿಪೋದಲ್ಲಿ ಅವಳಿಗೆ ‘ಬ್ರೇಕಕ್ಕ’ ಎಂಬ ಹೆಸರಿದೆ. ನೋಡಲು ಬಂದ ಕಂಡಕ್ಟರ್, “ಬೀಳೋಕೂ ಸ್ಟಾಪ್ ನೋಡ್ಕೊಂಡೇ ಬಿದ್ಯಲ್ಲಕ್ಕ” ಎಂದಳು. ಇಬ್ಬರೂ ನಕ್ಕರು. ಕಂಡಕ್ಟರ್ ಹೊರಟ ಮೇಲೆ ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಕಾರಣವಿಷ್ಟೇ. ‘ಕಾರಣ ತಿಳಿಯದ ಮೂರ್ಛೆ’ ಎಂದು ಕಡತದಲ್ಲಿ ಉಳಿದರೆ ಅವಳು ಮತ್ತೆಂದೂ ಸ್ಟೀರಿಂಗ್ ಹಿಡಿಯುವಂತಿಲ್ಲ. ಕಾರಣ ಡಬ್ಬಿಯಲ್ಲಿತ್ತು ಎಂದು ಸರ್ಕಾರಿ ಪ್ರಯೋಗಾಲಯ ಹೇಳಿದರೆ, ಮರುತಪಾಸಣೆಯ ಬಳಿಕ ಕೆಲಸಕ್ಕೆ ಮರಳಬಹುದು. ಖಾಸಗಿ ವರದಿಯನ್ನು ಡಿಪೋ ಒಪ್ಪುವುದಿಲ್ಲ. ಹಾಗಾಗಿಯೇ ನಾನು ತಮ್ಮ ಕಚೇರಿಗೆ ಬಂದದ್ದು. ಅಲ್ಲಿ ನಡೆದ ಸಂಭಾಷಣೆಯನ್ನು ಕೂಡಿಸದೆ ಕಳೆಯದೆ ಕೊಡುತ್ತೇನೆ.

“ಇದು ನಮ್ಮ ಟೇಬಲ್ಲಿಗೆ ಬರಲ್ಲ ಸಾರ್. ಆಹಾರ ಅಂತ ಬರ್ದಿದೆ ನೋಡಿ,” ಎಂದರು ತಮ್ಮ ಗುಮಾಸ್ತರು.

“ಒಳಗೆ ಔಷಧಿ ಇದೆಯಲ್ಲ.”

“ಒಳಗೇನಿದೆ ಅಂತ ಗೊತ್ತಾಗ್ಬೇಕಾದ್ರೆ ಪರೀಕ್ಷೆ ಮಾಡ್ಬೇಕು. ಪರೀಕ್ಷೆ ಮಾಡ್ಬೇಕಾದ್ರೆ ಅದು ಮೊದ್ಲು ಔಷಧಿ ಆಗಿರ್ಬೇಕು.”

ಆಹಾರ ಸುರಕ್ಷತೆಯ ಕಚೇರಿಗೆ ಹೋದೆ. ಔಷಧಿ ಬೆರೆತಿದೆ ಎನ್ನುವುದಾದರೆ ಅದು ಔಷಧ ನಿಯಂತ್ರಣ ಕಚೇರಿಯ ವ್ಯಾಪ್ತಿ ಎಂದು ಅವರು ಅಷ್ಟೇ ವಿನಯದಿಂದ ಬಾಗಿಲು ತೋರಿಸಿದರು. ಹೀಗೆ, ಆಹಾರವೂ ಅಲ್ಲದ ಔಷಧಿಯೂ ಅಲ್ಲದ ಈ ಅದ್ಭುತ ವಸ್ತು ನನ್ನ ಕೈಚೀಲದಲ್ಲಿ ಓಡಾಡಿಕೊಂಡಿದೆ. ಮಾನ್ಯರೇ, ತರಕಾರಿ ಅಂಗಡಿಯ ತಕ್ಕಡಿ ತುಸು ತಪ್ಪಿದರೂ ಅದನ್ನು ಅಲ್ಲೇ ತಡೆಹಿಡಿಯುವಂತೆ ಬರೆದುಕೊಡಬೇಕಾದ ಹೊಣೆ ನನ್ನಂಥ ಸಾಮಾನ್ಯನಿಗಿದೆ. ಆ ತಕ್ಕಡಿಯ ಮೇಲೆ ‘ಇದು ತಕ್ಕಡಿಯಲ್ಲ’ ಎಂಬ ಚೀಟಿ ಅಂಟಿಸಿದರೆ ನಾನು ಕೈಮುಗಿದು ಹೊರಡಬೇಕೇ? ಇನ್ನೆಷ್ಟು ಮನೆಗಳಲ್ಲಿ, ಇನ್ನೆಷ್ಟು ವೈದ್ಯರ ಎದುರು, ಜನ ಆ ಡಬ್ಬಿಯನ್ನು ನಂಬಿ ‘ಇಲ್ಲ’ ಎನ್ನುತ್ತಿದ್ದಾರೆ?

ನನ್ನ ಬೇಡಿಕೆ ದೊಡ್ಡದಲ್ಲ. ಡಬ್ಬಿಯನ್ನು ಸ್ವೀಕರಿಸಿ, ಪರೀಕ್ಷಿಸಿ, ಫಲಿತಾಂಶವನ್ನು ಬಹಿರಂಗಪಡಿಸಿ. ಔಷಧಿ ಇರುವುದು ನಿಜವಾದರೆ ಅಂಗಡಿಗಳಿಂದ ಅದನ್ನು ಹಿಂಪಡೆಯಿರಿ. ತೂಕ ಇಳಿಸಲು ನುಂಗುವ ಪ್ರತಿಯೊಂದನ್ನೂ, ಅದು ಸೊಪ್ಪೇ ಇರಲಿ ಪುಡಿಯೇ ಇರಲಿ, ವೈದ್ಯರಿಗೆ ಹೇಳಬೇಕೆಂದು ಡಬ್ಬಿಯ ಮೇಲೆಯೇ ದಪ್ಪ ಅಕ್ಷರಗಳಲ್ಲಿ ಬರೆಸಿ.

ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಬೇಡವೆಂದು ತಂಗಿ ಮೊದಲು ಹಟ ಹಿಡಿದಿದ್ದಳು. “ಬಿಸಿಲಿಗೆ ತಲೆ ತಿರುಗ್ತು ಅಂದ್ರಾಯ್ತು ಬಿಡಣ್ಣ. ಪೇಪರ್‌ನಲ್ಲಿ ಬಂದ್ರೆ ಯಾರು ಹತ್ತಾರೆ ನನ್ನ ಬಸ್ಸು?” ನಾನು ವಾದಿಸಲಿಲ್ಲ, ವಾದಿಸುವುದು ನನಗೆ ಬಾರದು. ಬರೆದದ್ದನ್ನು ಮೇಜಿನ ಮೇಲಿಟ್ಟೆ. ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. “ನೀರು ಕುಡಿಯಲ್ಲ ಅನ್ನೋದನ್ನ ತೆಗೀಬೇಡ,” ಎಂದಳು. “ಅದು ಬರೀ ನನ್ನ ವಿಷಯ ಅಲ್ಲ.”

ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ನಾವಿಬ್ಬರೂ ಸೀಲು ಒಡೆಯದ ಒಂದು ಡಬ್ಬಿಯೊಂದಿಗೆ ಬರುತ್ತೇವೆ. ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ಆ ಬೆಂಚಿನಿಂದ ಏಳುವುದಿಲ್ಲವೆಂದು ನಿರ್ಧರಿಸಿದ್ದೇನೆ.

ಇಂತಿ,
ಸದ್ಯಕ್ಕೆ ಟಿಕೆಟ್ ಕೊಂಡು ಬಸ್ಸು ಹತ್ತುತ್ತಿರುವ ಚಾಲಕಿಯೊಬ್ಬಳ ಅಣ್ಣ