ಯಂತ್ರ ವಾಪಸ್ ಕೊಟ್ಟ ಓಟು

ಅತ್ತೆಗೆ ಟೆಸ್‌ಳ ಪ್ರೀತಿಯ ನಮಸ್ಕಾರಗಳು.

ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಸದಸ್ಯರಲ್ಲದವರಿಗೂ ಓಟು ಹಾಕಲು ಬಿಡಬೇಕೇ ಎಂದು ಶನಿವಾರ ನಿಮ್ಮ ಸಭೆ ಇದೆಯಲ್ಲ, ಅದಕ್ಕೇ ಅವಸರದಲ್ಲಿ ಈ ಕಾರ್ಡು. ಇಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಯಾವ ಪಕ್ಷದ ಒಳಚುನಾವಣೆಗೂ ಯಾವ ಮತದಾರರು ಬೇಕಾದರೂ ಬರಬಹುದು. ಒಂದೇ ಚೀಟಿಯಲ್ಲಿ ಎಲ್ಲ ಪಕ್ಷಗಳ ಸಾಲುಗಳಿರುತ್ತವೆ, ಗುರುತು ಮಾತ್ರ ಒಂದೇ ಪಕ್ಷದ ಸಾಲಿನಲ್ಲಿ. ನನ್ನ ಮನೆಯೊಡತಿ ವರ್ನಾ ಕೌಂಟಿ ಕ್ಲರ್ಕ್ ಎಂಬ ಜಿಲ್ಲಾಮಟ್ಟದ ಚುನಾಯಿತ ಹುದ್ದೆಗೆ ನಮ್ಮ ಪಕ್ಷದ ಟಿಕೆಟ್ ಬಯಸಿದ್ದರು. ಎದುರುಮನೆಯ ಆರ್ವಿಲ್ ಮೊದಲಿನಿಂದಲೂ ವಿರೋಧ ಪಕ್ಷದವರು. "ಈ ಸಲ ನಿನಗೋಸ್ಕರ ನಿಮ್ ಕಡೆ ಬರ್ತೀನಿ ಕಣಮ್ಮ" ಎಂದು ವರ್ನಾಗೆ ಹೇಳಿದ್ದರು.

ಮಂಗಳವಾರ ಮತಗಟ್ಟೆಯ ಕ್ಯೂನಲ್ಲಿ ಅವರು ನನ್ನ ಮುಂದೆಯೇ ಇದ್ದರು. ಓಟು ಎಣಿಸುವ ಯಂತ್ರ ಅವರ ಚೀಟಿಯನ್ನು ಹೊರಕ್ಕೆ ತಳ್ಳಿತು.

"ಎರಡೂ ಪಕ್ಷಕ್ಕೆ ಹಾಕಿದೀರಲ್ಲ ಆರ್ವಿಲ್, ಒಂದು ಆರಿಸ್ಕೊಳ್ಳಿ" ಎಂದರು ಮೇಜಿನ ಹಿಂದಿದ್ದ ಮತಗಟ್ಟೆ ಸಿಬ್ಬಂದಿಯ ಹೆಂಗಸು.

"ನಮ್ ಪಕ್ಷದಿಂದ ಅಸೆಂಬ್ಲಿಗೆ ನಿಂತಿರೋ ಹುಡುಗನ್ನ ಕೈಬಿಡೋದು ಹೆಂಗಮ್ಮಾ" ಎಂದು ಗೊಣಗುತ್ತ ಹೊಸ ಚೀಟಿ ತೆಗೆದುಕೊಂಡರು.

ಕೊನೆಗೆ ಯಾವ ಸಾಲು ಉಳಿಸಿಕೊಂಡರೋ? ನಮ್ಮದೇ ಆದರೂ, ಗುರುತು ವರ್ನಾಗೋ, ಮುಖ್ಯ ಚುನಾವಣೆಯಲ್ಲಿ ಅವರ ಪಕ್ಷದೆದುರು ಸುಲಭವಾಗಿ ಸೋಲುವ ನಮ್ಮ ಇನ್ನೊಬ್ಬ ಅಭ್ಯರ್ಥಿಗೋ?

ವರ್ನಾ ಸ್ವಲ್ಪದರಲ್ಲಿ ಸೋತರು. ಮರುದಿನ ಆರ್ವಿಲ್ ಮುಸುಕಿನ ಜೋಳದ ತೆನೆ ತಂದು "ನನ್ ಓಟು ನಿನಗೇ ಹಾಕ್ದೆ" ಎಂದರು. ಕ್ಯೂನಲ್ಲಿ ಅವರ ಹಿಂದೆಯೇ ನಿಂತಿದ್ದ ನನ್ನ ಮುಖವನ್ನು ವರ್ನಾ ನೋಡಿದರು. ನಾನು ತಲೆ ತಗ್ಗಿಸಿ ತೆನೆ ಸುಲಿಯತೊಡಗಿದೆ.

ಸೊಳ್ಳೆ ಕಚ್ಚಿ ಬಂದಿದ್ದ ನನ್ನ ಕಾಲಿನ ಊತ ಇಳಿದಿದೆ. ಅತ್ತೆ, ಶನಿವಾರ ಕೈ ಎತ್ತುವಾಗ ನಮ್ಮ ಈ ಎದುರುಮನೆಯವರನ್ನು ನೆನೆಸಿಕೊಳ್ಳಿ. ಇಲ್ಲಿ ಅವರು ತಂದ ಜೋಳವನ್ನು ಇನ್ನೂ ಯಾರೂ ಬೇಯಿಸಿಲ್ಲ.

ಟೆಸ್