ದುಂಡಮ್ಮ ಮರಳಿಸಿದ ಗೋರಿಕಲ್ಲು

ಕಲಬುರಗಿ, ಭಾನುವಾರ

ಚಿಕ್ಕಮ್ಮನಿಗೆ ನಮಸ್ಕಾರ.

ಬಿಸಿಲಿಗೆ ಬಂದಿದ್ದ ಜ್ವರ ಇಳಿದಿದೆ, ಊಟ ಸೇರುತ್ತಿದೆ, ಚಿಂತೆ ಬೇಡ. ಕಮಲಾಪುರದ ಹತ್ತಿರ ಒಂದು ಹಳೆಯ ಖಬರಸ್ತಾನದಲ್ಲಿ ಗೋರಿಕಲ್ಲುಗಳನ್ನು ತೊಳೆದು, ಬಿದ್ದವನ್ನು ಎತ್ತಿ ನಿಲ್ಲಿಸುತ್ತಿದ್ದೇವೆ. ನಿನ್ನೆ ಪಕ್ಕದ ಹೊಲದ ಬಾವಿಯ ಬಳಿ ದುಂಡಮ್ಮ ಎಂಬ ಅಜ್ಜಿ ಒಂದು ಚಪ್ಪಟೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಆ ಕಲ್ಲಿನ ಬದಿಯಲ್ಲಿ ಉರ್ದು ಅಕ್ಷರಗಳು ಕಂಡವು. ನನ್ನ ಜೊತೆ ಕೆಲಸ ಮಾಡುವ ಮೆಹರೀನ್ ಬಗ್ಗಿ ಓದಿದಳು: ಜೈನಬ್, ಮೂರು ವರ್ಷದ ಮಗು.

ಅಜ್ಜಿಯ ಕೈಯ ಸೀರೆ ಜಾರಿ ಬಿತ್ತು. “ಗೋರಿ ಕಲ್ಲೇನ್ರೀ ಇದು? ನಮ್ಮ ಅತ್ತಿ ಕಾಲದಿಂದ ಇದರ ಮ್ಯಾಲೇ ಅರಿವಿ ಬಡೀತೀವಿ. ಕೂಸಿನ ಮ್ಯಾಲ ಬಡದಂಗಾಯ್ತಲ್ರೀ!”

ನಾಳೆ ಬಂದು ಒಯ್ಯುತ್ತೇವೆ ಎಂದರೂ ಕೇಳಲಿಲ್ಲ. ಮಗ ನಿಂಗಣ್ಣನನ್ನು ಕೂಗಿ ಬಂಡಿ ಕಟ್ಟಿಸಿದರು, ತಮ್ಮ ಕೌದಿ ಹಾಸಿ ಅದರ ಮೇಲೆ ಕಲ್ಲು ಮಲಗಿಸಿದರು, ಬಂಡಿಯ ಹಿಂದೆ ಬರಿಗಾಲಲ್ಲಿ ನಡೆದು ಬಂದರು. ಅದು ಯಾವ ಗೋರಿಯದೆಂದು ಯಾರಿಗೂ ಗೊತ್ತಿಲ್ಲ. ಮಕ್ಕಳ ಗೋರಿಗಳ ಸಾಲಿನಲ್ಲಿ ನಿಲ್ಲಿಸಿದೆವು. ಅಜ್ಜಿ ಸೆರಗಿನಿಂದ ಅಕ್ಷರಗಳಲ್ಲಿ ಕೂತ ಸಾಬೂನು ಒರೆಸಿ, “ಮಲಕೋ ಯವ್ವಾ, ಇನ್ನ ಯಾರೂ ನಿನಗ ಎಬ್ಬಸಂಗಿಲ್ಲ” ಎಂದರು.

ಕಾರ್ಡು ತುಂಬಿತು.

ನಾಗವೇಣಿ