ಒಂದು ಬೀಜದ ಬಯಕೆ

೩ ಫೆಬ್ರವರಿ ೧೯೬೪, ಸೋಮವಾರ

ಬೂದಿ ಹಾಕಿ ಉಜ್ಜಿದೆ. ಬೆರಳಿನ ಕಪ್ಪು ಹೋಗಲಿಲ್ಲ. ಗೇರುಬೀಜದ ಎಣ್ಣೆಯೇ ಹಾಗೆ, ಚರ್ಮ ಹೋದರೂ ಕಪ್ಪು ಹೋಗದು. ನಮ್ಮ ಕಾರ್ಖಾನೆಗೆ ಬೀಜ ಬರುವುದು ಆಫ್ರಿಕಾದಿಂದ, ಡಬ್ಬಿ ತುಂಬಿ ಹೋಗುವುದು ಅಮೆರಿಕಕ್ಕೆ. ನಡುವೆ ಒಡೆದು ಸುಲಿಯುವುದಕ್ಕೆ ನಾವು. ದೇಶಕ್ಕೆ ಡಾಲರ್ ಬರುತ್ತದಂತೆ — ಮ್ಯಾನೇಜರರ ಭಾಷಣ. ನಮ್ಮ ಬಾಯಿಗೆ ಚೂರೂ ಇಲ್ಲ.

ಸಂಜೆ ಗೇಟಿನಲ್ಲಿ ತಪಾಸಣೆ. ಅದಕ್ಕೆಂದೇ ಇಟ್ಟ ವೆರೋನಿಕಾಬಾಯಿ ನನ್ನ ಪಕ್ಕ ಕೂರುವ ಹೇಮಾಕ್ಷಿಯ ಬಾಯಿ ತೆರೆಸಿದರು. ಹಲ್ಲಿನಲ್ಲಿ ಬೀಜದ ಚೂರು.

"ಬಯಕೆ ಆಯಿತು ಬಾಯಮ್ಮ... ಒಂದೇ ಒಂದು ತಿಂದದ್ದು." ಏಳು ತಿಂಗಳ ಬಸುರಿ ಅವಳು.

"ಕಳ್ಳತನ. ನಾಳೆಯಿಂದ ಬರುವುದು ಬೇಡ," ಅಂದರು ಮ್ಯಾನೇಜರ್.

ಬಸುರಿ ಕೇಳಿದ್ದಕ್ಕೆ ವೈರಿಯೂ ಇಲ್ಲ ಅನ್ನುವುದಿಲ್ಲ ಈ ಊರಲ್ಲಿ.

೪ ಫೆಬ್ರವರಿ

ಇವತ್ತು ಗೇಟಿಗೆ ಬರುವ ಮೊದಲು ಎಲ್ಲರೂ ಒಂದೊಂದು ಬೀಜ ಬಾಯಿಗೆ ಹಾಕಿಕೊಂಡೆವು. ನನ್ನದೇ ಉಪಾಯ. ಸಾಲಾಗಿ ನಿಂತು ಬಾಯಿ ತೆರೆದೆವು — ಆ! ಮ್ಯಾನೇಜರರ ಮುಖ ನೋಡಬೇಕಿತ್ತು.

"ಎಂತ ಇದು, ಉರ್ಸುಲಾ?"

"ಕಳ್ಳತನ ಸರ್. ಎಲ್ಲರನ್ನೂ ತೆಗೆಯಿರಿ. ಬೀಜ ನೀವೇ ಸುಲಿಯಿರಿ."

ನಾಳೆಯಿಂದ ಗೇಟಿಗೆ ಬೀಗವಂತೆ. ಹಾಕಲಿ.

೯ ಫೆಬ್ರವರಿ, ಆದಿತ್ಯವಾರ

ಬೀಗ ಬಿದ್ದಾಗಿನಿಂದ ದಿನಾ ಗಂಜಿನೀರು. ಇಗರ್ಜಿಯಲ್ಲಿ ಪೂಜೆ ಮುಗಿಸಿ ವೆರೋನಿಕಾಬಾಯಿ ನೇರ ನಮ್ಮ ಮನೆಗೇ ಬಂದರು. ಬೀಜದ ಡಬ್ಬಿಗಾಗಿ ಬಂದರಿನಲ್ಲಿ ಹಡಗು ಕಾಯುತ್ತಿದೆಯಂತೆ.

"ನಾಳೆ ಎಲ್ಲರೂ ಬನ್ನಿ. ಹೇಮಾಕ್ಷಿ ಒಬ್ಬಳು ಬೇಡ. ನಿನಗೆ ಎಂತಕ್ಕೆ ಅವಳ ಉಸಾಬರಿ? ಅವಳು ನಮ್ಮ ಜನವಾ?"

ಮಾಂಯ್ ಒಲೆಯ ಹತ್ತಿರ ಕೂತು ನನ್ನ ಮುಖವನ್ನೇ ನೋಡಿದಳು. ನನ್ನನ್ನು ಹೆತ್ತವಳು. ಅಕ್ಕಿಯ ಡಬ್ಬ ಖಾಲಿ ಎಂದು ಅವಳಿಗೇ ಗೊತ್ತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಬರೆಯಲಿ.

"ಅವಳು ಇಲ್ಲದಿದ್ದರೆ ನಾನೂ ಇಲ್ಲ," ಅಂದೆ.

ಮಾಂಯ್ ಎದ್ದಳು. ಬೈಯುತ್ತಾಳೆ ಅಂದುಕೊಂಡೆ. ಮೂಲೆಯಲ್ಲಿಟ್ಟಿದ್ದ ವೆರೋನಿಕಾಬಾಯಿಯ ಕೊಡೆ ತಂದು ಅವರ ಕೈಗೆ ಕೊಟ್ಟಳು.

೧೦ ಫೆಬ್ರವರಿ, ಬೆಳಿಗ್ಗೆ

ಅಂಗಳದ ತುಂಬ ಹೆಂಗಸರು. ಹೇಮಾಕ್ಷಿಯೂ ಬಂದಿದ್ದಾಳೆ. ಅವಳೇ ಮುಂದೆ ನಡೆಯುವುದು, ನಾವು ಹಿಂದೆ.

"ಉರ್ಸುಲಾಬಾಯಿ, ಗೇಟು ತೆರೆಯದಿದ್ದರೆ?" ನನ್ನನ್ನು ಕೇಳುತ್ತಿದ್ದಾಳೆ ಪಾಪ.

ತೆರೆಯದಿದ್ದರೆ ಅಲ್ಲೇ ಕೂರುವುದು. ಹಡಗು ಕಾಯಲಿ. ಅಮೆರಿಕವೂ ಕಾಯಲಿ. ನಾವೇನು ಕಾದದ್ದು ಕಡಿಮೆಯಾ? ಕರೆಯುತ್ತಿದ್ದಾರೆ, ಹೊರ—